ಕೇಳಿಸಿಕೊಂಡವರೇ ಹೇಳಬಲ್ಲರು



ಸಾರುವವರಿಲ್ಲದೆ ಜನ ಶುಭಸಂದೇಶವನ್ನು ಕೇಳುವುದು ಹೇಗೆಂಬ ಚಿಂತೆ ರೋಮನರಿಗೆ ಪತ್ರ ಬರೆದ ಸಂತ ಪೌಲರನ್ನು ಕಾಡಿತ್ತು. ಅದೇ ಚಿಂತೆ 1931ರ ಫೆಬ್ರವರಿ 12ರಂದು ವ್ಯಾಟಿಕನ್ ರೇಡಿಯೋ ಆಗಿ ದನಿ ಪಡೆಯಿತು. ಕೇಂದ್ರವನ್ನು ಕಟ್ಟಿಕೊಟ್ಟವರು ಸ್ವತಃ ಮಾರ್ಕೋನಿ. ವಿಶ್ವಗುರು 11ನೇ ಪಯಸ್ ಲತೀನ್ ಭಾಷೆಯಲ್ಲಿ ಮಾತನಾಡಿದರು. ನಡೆಸುವ ಹೊಣೆ ಯೇಸುಸಭೆಯ ಗುರುಗಳದ್ದಾಯಿತು.

ಆ ರೇಡಿಯೋ ಬರೀ ಪ್ರಬೋಧನೆ ಮಾಡುತ್ತ ಕೂರಲಿಲ್ಲ. ಎರಡನೇ ಮಹಾಯುದ್ಧದ ದಿನಗಳಲ್ಲಿ, 1940ರಿಂದ 1946ರವರೆಗೆ, ಸೆರೆಸಿಕ್ಕವರು ಮತ್ತು ಕಾಣೆಯಾದವರ ಬಗ್ಗೆ 12 ಲಕ್ಷಕ್ಕೂ ಹೆಚ್ಚು ಸಂದೇಶಗಳನ್ನು ಬಿತ್ತರಿಸಿತು. ಮಗ ಬದುಕಿದ್ದಾನೋ ಇಲ್ಲವೋ ಎಂದು ರೇಡಿಯೋ ಮುಂದೆ ಕಿವಿಯಾಗಿ ಕುಳಿತ ತಾಯಿಯನ್ನು ನೆನೆಯಿರಿ. ಆಕೆಗೆ ಅದಕ್ಕಿಂತ ದೊಡ್ಡ ಶುಭವಾರ್ತೆ ಯಾವುದಿತ್ತು?

ಕನ್ನಡದ ಸರದಿ ಮಾತ್ರ ತಡವಾಗಿ ಬಂತು. ಬೆಂಗಳೂರು ಮಹಾಧರ್ಮಕ್ಷೇತ್ರದ ಸಹಯೋಗದಲ್ಲಿ ವ್ಯಾಟಿಕನ್ ನ್ಯೂಸ್ ಕನ್ನಡ ಆರಂಭವಾದದ್ದು 2024ರ ಮೇ ತಿಂಗಳಲ್ಲಿ, 53ನೇ ಭಾಷೆಯಾಗಿ. 93 ವರ್ಷಗಳ ಕಾಯುವಿಕೆ! ಭಾನುವಾರ ಬಲಿಪೂಜೆ ಮುಗಿದೊಡನೆ ದೇವಾಲಯದ ಅಂಗಳದಲ್ಲಿ 'ಕನ್ನಡ ಎಲ್ಲಿ?' ಎಂದು ಗಟ್ಟಿಯಾಗಿ ಕೇಳುವ ನಾವು, ಮನೆಬಾಗಿಲಿಗೆ ಬಂದ ಕನ್ನಡವನ್ನು ಒಮ್ಮೆಯಾದರೂ ತೆರೆದು ನೋಡಿದ್ದೇವೆಯೇ? ಯಲಹಂಕದಿಂದ ಬರುವ ಬಸ್ಸು ಹೆಬ್ಬಾಳದ ಮೇಲ್ಸೇತುವೆಯ ಬಳಿ ನಿಂತಾಗ ಕೈಯಲ್ಲಿ ಮೊಬೈಲಂತೂ ಇದ್ದೇ ಇರುತ್ತದೆ.

ಸುವಾರ್ತಾ ಪ್ರಸಾರ ಎಂದೊಡನೆ ನಮ್ಮಲ್ಲಿ ಅನೇಕರು ಅದು ಗುರುಗಳ, ಕನ್ಯಾಸ್ತ್ರೀಯರ ಕೆಲಸವೆಂದು ಸುಮ್ಮನಾಗುತ್ತೇವೆ. ಆದರೆ ಈ ಕಾಲದ ಜನ ಬೋಧಕರಿಗಿಂತ ಸಾಕ್ಷಿಗಳಿಗೆ ಕಿವಿಗೊಡುತ್ತಾರೆಂದು ವಿಶ್ವಗುರು 6ನೇ ಪೌಲರು 1975ರಲ್ಲೇ ತಿಳಿಸಿದ್ದರು. ಯಶವಂತಪುರದ ಕಾರ್ಖಾನೆಯಲ್ಲಿ ಜೊತೆಗೆ ಊಟಕ್ಕೆ ಕೂತವರು, 'ತಪಸ್ಸು ಕಾಲ ಅಂದರೇನಣ್ಣ? ಇವತ್ತು ಯಾಕೆ ಮಾಂಸ ಇಲ್ಲ?' ಎಂದು ಕೇಳಿದರೆ ಏನು ಹೇಳುತ್ತೀರಿ? ವಾದ ಬೇಕಿಲ್ಲ, ಯಾರನ್ನೂ ಒಲಿಸಿ ಎಳೆತರುವುದೂ ಬೇಕಿಲ್ಲ. ನಾಲ್ಕು ನೆಟ್ಟಗಿನ ಮಾತು ಸಾಕು. ಆ ನಾಲ್ಕು ಮಾತು ಬಾಯಿಗೆ ಬರಬೇಕಾದರೆ ಮೊದಲು ಕಿವಿಗೆ ಬಿದ್ದಿರಬೇಕು.

ಇವೆಲ್ಲ ಬಲಿಪೂಜೆಗೆ ಬದಲಿಯಲ್ಲ. ಯಾವ ರೇಡಿಯೋವೂ ಪರಮಪ್ರಸಾದ ಕೊಡಲಾರದು. ಹಾಸಿಗೆ ಹಿಡಿದ ಹಿರಿಯರಿದ್ದರೆ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿ, ಅವರು ಮನೆಗೇ ತರುತ್ತಾರೆ.

ಸಂಜೆ ಜಪಸರವಾದ ಮೇಲೆ ಹತ್ತು ನಿಮಿಷ ಟಿ.ವಿ. ಹಾಕಬೇಡಿ. ಇಂಗ್ಲಿಷ್ ಶಾಲೆಗೆ ಹೋಗುವ ಮಗುವಿನ ಕೈಗೆ ಮೊಬೈಲ್ ಕೊಟ್ಟು, ವಿಶ್ವಗುರುಗಳ ಆ ವಾರದ ಮಾತನ್ನು ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳಲು ಹೇಳಿ. ಒತ್ತಕ್ಷರದಲ್ಲಿ ತಡವರಿಸಿದರೆ ಅಜ್ಜಿಯೇ ತಿದ್ದಲಿ. ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಓದು ಅಲ್ಲಿಗೇ ನಿಲ್ಲಲಿ, ಮಾತು ಮುಂದುವರಿಯಲಿ.