ಇವತ್ತಿನ ರೇಟು

2024ರ ಆಗಸ್ಟ್‌, ಸೆಪ್ಟೆಂಬರ್‌ ತಿಂಗಳುಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ನಾನು ನೋಡುತ್ತಿದ್ದದ್ದು ದಿರ್ಹಮ್ ರೇಟು.

ಅಮ್ಮನ ಅಣ್ಣ, ಶಾರ್ಜಾದಲ್ಲಿ ಮೂವತ್ತನಾಲ್ಕು ವರ್ಷ ದುಡಿದ ನಮ್ಮ ಮಾವ, ಆ ವರ್ಷದ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡರು. ಮದುವೆಯಾಗಿರಲಿಲ್ಲ. ಖಾತೆದಾರ ಸತ್ತದ್ದು ತಿಳಿದೊಡನೆ ಅಲ್ಲಿನ ಬ್ಯಾಂಕು ಖಾತೆಯನ್ನು ತಡೆಹಿಡಿಯುತ್ತದೆ. ಕೋರ್ಟಿನ ಕಾಗದ ಬಂದ ಮೇಲೆಯೇ ಹಣ ಕೈಗೆ. ನಮಗೆ ಅದು ಆಗಸ್ಟ್‌ನಲ್ಲಿ ಬಂತು. ಗ್ರಾಚುಯಿಟಿಯೂ ಸೇರಿ 1,84,000 ದಿರ್ಹಮ್. ವಾರಸುದಾರಳು ಒಬ್ಬಳೇ ತಂಗಿಯಾದ ಅಮ್ಮ. ಹಣ ತರಿಸುವ ಕೆಲಸ ನನ್ನ ಪಾಲಿಗೆ ಬಿತ್ತು.

ಸರಕಾರಕ್ಕೆ ಕೊಡಬೇಕಾದದ್ದು ಏನೂ ಇರಲಿಲ್ಲ. ನಮ್ಮಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಗಿದೆ. ವಾರಸಿನಿಂದ ಬಂದ ಹಣಕ್ಕೆ ಆದಾಯ ತೆರಿಗೆಯೂ ಇಲ್ಲ. ಕಳೆದುಕೊಳ್ಳುವುದೇನಾದರೂ ಇದ್ದರೆ ದಿರ್ಹಮ್ ರೂಪಾಯಿಯಾಗುವ ಆ ಒಂದು ಹೆಜ್ಜೆಯಲ್ಲಿ. ಅಲ್ಲಿ ಎರಡು ಬಗೆಯ ನಷ್ಟಗಳಿವೆ ಎಂದು ನನಗೆ ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಮೊದಲನೆಯದು ಕಣ್ಣಿಗೆ ಬೀಳದ ದಲ್ಲಾಳಿಯದು. ಬ್ಯಾಂಕಿನವರು ‘ಕಮಿಷನ್ ಇಲ್ಲ, ನಾವೇ ರೂಪಾಯಿ ಮಾಡಿ ಕಳಿಸುತ್ತೇವೆ’ ಎಂದರು. ಮಾರುಕಟ್ಟೆಯಲ್ಲಿ ಆಗ ದಿರ್ಹಮ್ಮಿಗೆ ಸುಮಾರು 22 ರೂಪಾಯಿ 80 ಪೈಸೆ ಇತ್ತು. ಅವರು ಕೊಡುತ್ತಿದ್ದದ್ದು 22.40. ಕಮಿಷನ್ ಇಲ್ಲ ಎಂದವರು ಅದನ್ನು ರೇಟಿನೊಳಗೇ ಇಟ್ಟುಕೊಂಡಿದ್ದರು. ಮಾವನ ರೂಮಿನಲ್ಲಿದ್ದ ಗೆಳೆಯರ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿಸಿದ್ದೆವು. ಅವರು ಎಕ್ಸ್‌ಚೇಂಜಿನಲ್ಲಿ ವಿಚಾರಿಸಿದಾಗ 22.72 ಎಂದರಂತೆ. ವ್ಯತ್ಯಾಸ 32 ಪೈಸೆ. ನಮ್ಮ ಮೊತ್ತಕ್ಕೆ ಗುಣಿಸಿದರೆ 58,880 ರೂಪಾಯಿ. ಮಾವನ ಕೊನೆಯ ಸಂಬಳ ತಿಂಗಳಿಗೆ 2,600 ದಿರ್ಹಮ್. ಅಂದರೆ ಗೋಡೌನಿನಲ್ಲಿ ಅವರು ದುಡಿದ ಒಂದು ತಿಂಗಳು, ಯಾರೂ ಕೇಳದಿದ್ದರೆ, ಸುಮ್ಮನೆ ಬ್ಯಾಂಕಿಗೆ ಹೋಗುತ್ತಿತ್ತು. ಇಂಥ ಕಡೆ ಪೈಸೆ ಎಣಿಸುವುದು ಜಿಪುಣತನವಲ್ಲ. ಸತ್ತವರ ದುಡಿಮೆಯನ್ನು ಕಾಯುವವರು ಬದುಕಿರುವವರೇ ತಾನೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಸರಿಯಾಗಿಯೇ ಇದ್ದೆ. ನಿಲ್ಲಿಸಲಿಲ್ಲ. ರೂಪಾಯಿ ಇಳಿಯುತ್ತಿದೆ, ಸ್ವಲ್ಪ ಕಾದರೆ 23 ಆಗುತ್ತದೆ ಎಂದು ಎಲ್ಲೋ ಓದಿದೆ. ಹಣ ಅಲ್ಲೇ ಇರಲಿ ಎಂದು ಹೇಳಿ ದಿನಾ ರೇಟು ನೋಡತೊಡಗಿದೆ.

ದಿರ್ಹಮ್ ತಾನಾಗಿ ಏರುವ ನಾಣ್ಯವಲ್ಲ. 1997ರಿಂದ ಅದನ್ನು ಒಂದು ಡಾಲರಿಗೆ 3.6725ರಂತೆ ಕಟ್ಟಿಹಾಕಲಾಗಿದೆ. ಹಾಗಾಗಿ ನಾನು ಕಾಯುತ್ತಿದ್ದದ್ದು ಡಾಲರಿನ ಎದುರು ರೂಪಾಯಿ ಬೀಳಲಿ ಎಂದು. ನಾವು ಸುಡುವ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಹೊರಗಿನಿಂದ ಬರುವಂಥದ್ದು, ಡಾಲರ್ ಕೊಟ್ಟು ತರುವಂಥದ್ದು. ನನ್ನ ಫೆಲೋಶಿಪ್ ರೂಪಾಯಿಯಲ್ಲಿ. ನಮ್ಮ ಬೀದಿಯ ಇನ್ನೊಂದು ಮನೆಯ ಹುಡುಗ ಅಮೆರಿಕದಲ್ಲಿ ಓದುತ್ತಿದ್ದಾನೆ. ಅವನ ಫೀಸಿಗೆ ಸಾಲ ಮಾಡಿದ ಅಪ್ಪನೂ ಬೆಳಿಗ್ಗೆ ಎದ್ದು ಅದೇ ಅಂಕಿ ನೋಡುತ್ತಿದ್ದರು, ಏರದಿರಲಿ ಎಂದು. ಒಂದು ದಿನ ರೂಪಾಯಿ ಕುಸಿದ ಸುದ್ದಿ ಓದಿ ನನಗೆ ಖುಷಿಯಾಯಿತು. ಸ್ವಲ್ಪ ಹೊತ್ತಿನ ಮೇಲೆ ಆ ಖುಷಿಯ ಬಗ್ಗೆಯೇ ನಾಚಿಕೆಯಾಯಿತು.

ಆಗ ಕೇಳಿಕೊಂಡೆ: 23 ಸಿಗದಿದ್ದರೆ ನನಗೆ ಆಗುವ ನಷ್ಟ ಯಾವುದು? ಅಡಿಕೆ ಮಾರುವ ಕೃಷಿಕನಿಗೆ ನಷ್ಟ ಅಳೆಯಲು ಖರ್ಚಿನ ಲೆಕ್ಕವಿದೆ. ವಾರಸುದಾರನಿಗೆ ಅಂಥ ಲೆಕ್ಕವಿಲ್ಲ, ಅವನು ಏನನ್ನೂ ಹಾಕಿಲ್ಲ. ಇನ್ನೂ ಬಾರದ ಒಂದು ದಿನದ ರೇಟನ್ನು ಮನಸ್ಸಿನಲ್ಲೇ ತನ್ನದಾಗಿಸಿಕೊಂಡು, ಅದು ಕೈತಪ್ಪಿತು ಎಂದು ಕೊರಗುತ್ತಾನೆ. ಬ್ಯಾಂಕು ಇಟ್ಟುಕೊಳ್ಳುವ 32 ಪೈಸೆ ನಿಜವಾಗಿ ಮಾವನದು. ನಾನು ಕಾಯುತ್ತಿದ್ದ 28 ಪೈಸೆ ಯಾರದೂ ಆಗಿರಲಿಲ್ಲ.

ಇದನ್ನೆಲ್ಲ ಯೋಚಿಸುತ್ತಿದ್ದಾಗ ಅಮ್ಮ ಪೆಟ್ಟಿಗೆಯಿಂದ ಮಾವನ ಹಳೆಯ ಪತ್ರಗಳನ್ನು ತೆಗೆದಳು. ಅವರು ಹೋದದ್ದು 1990ರಲ್ಲಿ. ಆಗ ದಿರ್ಹಮ್ಮಿಗೆ ಐದು ರೂಪಾಯಿಯೂ ಇರಲಿಲ್ಲ. 1991ರ ಜುಲೈಯಲ್ಲಿ ಸರಕಾರ ಮೂರು ದಿನದೊಳಗೆ ಎರಡು ಸಲ ರೂಪಾಯಿಯ ಬೆಲೆ ಇಳಿಸಿದಾಗ ಏಳರ ಹತ್ತಿರ ಬಂತು. ಮನೆಗೆ ಹಂಚು ಹೊದಿಸಲು ಅವರು ಡ್ರಾಫ್ಟ್ ಕಳಿಸಿದ್ದು ಅದಕ್ಕೆ ಎರಡೇ ತಿಂಗಳು ಮೊದಲು. ಕಾದಿದ್ದರೆ ಹೆಚ್ಚು ಸಿಗುತ್ತಿತ್ತು. ಆದರೆ ಮಳೆಗಾಲ ಜೂನಿನಲ್ಲಿ ಶುರುವಾಗುತ್ತದೆ. ಅಮ್ಮನ ಮದುವೆಗೆ ಕಳಿಸಿದ್ದು 1994ರಲ್ಲಿ, ಎಂಟೂವರೆಯ ಆಸುಪಾಸಿನಲ್ಲಿ.

ಅಂದಿನ ಐದು ರೂಪಾಯಿ ಇಂದಿನ ಐದಲ್ಲ, ಒಪ್ಪುತ್ತೇನೆ. ನಾನು ಹೇಳುತ್ತಿರುವುದು ಬೇರೆ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಕೆಲಸ ಮಾಡಿದ ದಿರ್ಹಮ್‌ಗಳು ಅತಿ ಕಡಿಮೆ ರೇಟಿಗೆ ಬಂದವು. ಅರಿಸ್ಟಾಟಲ್ ‘ನಿಕೊಮೇಕಿಯನ್ ಎಥಿಕ್ಸ್’ನ ಐದನೆಯ ಭಾಗದಲ್ಲಿ ಹಣವನ್ನು ಅಗತ್ಯದ ಪ್ರತಿನಿಧಿಯಾಗಿ ಕಾಣುತ್ತಾನೆ, ಅದು ಪ್ರಕೃತಿಯಿಂದ ಬಂದದ್ದಲ್ಲ, ಜನ ಒಪ್ಪಿಕೊಂಡ ಕಟ್ಟಳೆ ಎನ್ನುತ್ತಾನೆ. ಪಾಠದಲ್ಲಿ ಓದಿದಾಗ ಇದು ಪರೀಕ್ಷೆಯ ಉತ್ತರವಾಗಿತ್ತು. ಮಾವನ ಪತ್ರಗಳ ಮುಂದೆ ಅರ್ಥವಾಯಿತು. ಅಗತ್ಯವನ್ನು ಪಕ್ಕಕ್ಕಿಟ್ಟು ರೇಟನ್ನೇ ನೋಡಿದರೆ ಪ್ರತಿನಿಧಿಗೆ ಕುರ್ಚಿ ಹಾಕಿ ಯಜಮಾನನನ್ನು ಹೊರಗೆ ನಿಲ್ಲಿಸಿದ ಹಾಗೆ.

ನಮ್ಮ ಮನೆಯಲ್ಲಿ ಹೊರಗೆ ನಿಂತಿದ್ದದ್ದು ಅಮ್ಮನ ಮೊಣಕಾಲು. ಆಪರೇಷನ್ ಆಗಬೇಕಿತ್ತು. ಹಣ ಬಂದ ಮೇಲೆ ಮಾಡಿಸೋಣ ಎಂದವನು ನಾನು, ಹಣ ಬರಲು ಬಿಡದವನೂ ನಾನು. ಅವಳು ಒಮ್ಮೆಯೂ ಅವಸರಿಸಲಿಲ್ಲ. ಆ ದಿನ ಮಾತ್ರ ಪತ್ರಗಳನ್ನು ಮಡಚುತ್ತಾ, “ನೋಡು ಮಗಾ, ಅಣ್ಣ ರೇಟು ನೋಡಿ ಕಳಿಸಿದವನಲ್ಲ. ಇಲ್ಲಿಂದ ಕಾಗದ ಹೋದರೆ ಸಂಬಳದ ದಿವಸವೇ ಕಳಿಸುತ್ತಿದ್ದ” ಎಂದಳು. ಮರುದಿನ ಬೆಳಿಗ್ಗೆ ಶಾರ್ಜಾಕ್ಕೆ ಫೋನ್ ಮಾಡಿದೆ. ಆ ದಿನವೂ ರೇಟು 22.72. ಅಕ್ಟೋಬರಿನಲ್ಲಿ ಆಪರೇಷನ್ ಆಯಿತು.

2025ರ ಫೆಬ್ರವರಿಯಲ್ಲಿ ದಿರ್ಹಮ್ 23 ರೂಪಾಯಿ 50 ಪೈಸೆ ದಾಟಿತ್ತು. ಸಂಗತಿ ಗೊತ್ತಿದ್ದ ಗೆಳೆಯನೊಬ್ಬ ಲೆಕ್ಕ ಹಾಕಿ, “ಒಂದೂವರೆ ಲಕ್ಷದ ಹತ್ತಿರ ಕಳಕೊಂಡೆಯಲ್ಲ ಮಾರಾಯ” ಎಂದ. ಇಷ್ಟೆಲ್ಲ ಯೋಚಿಸಿದವನಿಗೂ ಆ ರಾತ್ರಿ ಹೊಟ್ಟೆ ಉರಿಯದೆ ಇರಲಿಲ್ಲ. ತರ್ಕದಿಂದ ಆಸೆ ಸಾಯುತ್ತದೆ ಎಂದು ನಾನು ಹೇಳಲಾರೆ.

ಅದೇ ತಿಂಗಳು ಮಾವನ ವರ್ಷಾಂತಿಕ. ಅಮ್ಮ ಬೆಳಗಿನಿಂದ ಮಧ್ಯಾಹ್ನದವರೆಗೆ ಅಡುಗೆಮನೆಯಲ್ಲಿ ನಿಂತೇ ಇದ್ದಳು, ಕೋಲು ಹಿಡಿಯದೆ. ಅವಳು ಕರೆದಾಗ ಎಲೆ ಹಾಕಲು ಎದ್ದೆ. ಆ ದಿನ ರೇಟು ಎಷ್ಟಿತ್ತು ಎಂದು ನೋಡಲಿಲ್ಲ.