ಹಿರಿಯರನ್ನು ತಡೆಯುವುದು ಅವಿನಯವೇ?

2010ರ ಮೇ 22ರಂದು ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಂದಕಕ್ಕೆ ಉರುಳಿತು. ಅದರಲ್ಲಿದ್ದ 166 ಮಂದಿಯಲ್ಲಿ ಬದುಕುಳಿದವರು ಎಂಟೇ ಮಂದಿ. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ದಿನ ಇನ್ನೂ ಮುಗಿದಿಲ್ಲ. ಮರಣದ ಮನೆಯಲ್ಲಿ ‘ತಕ್ದೀರ್’ ಎಂಬ ಮಾತು ಸಾಂತ್ವನ ನೀಡುತ್ತದೆ. ಅದೇ ಮಾತನ್ನು ವಿಮಾನ ಕಂಪೆನಿಯ ಕಚೇರಿಯಲ್ಲಿ ಆಡಿದರೆ ಅದು ಹೊಣೆಯಿಂದ ನುಣುಚಿಕೊಳ್ಳುವ ಮಾತಾಗುತ್ತದೆ.

ತನಿಖಾ ನ್ಯಾಯಾಲಯದ ವರದಿಯನ್ನೇ ನೋಡಿ. ಕಾಕ್‌ಪಿಟ್‌ನ ಧ್ವನಿಮುದ್ರಣದ ಮೊದಲ 1 ಗಂಟೆ 40 ನಿಮಿಷ ಮುಖ್ಯ ಪೈಲಟ್ ನಿದ್ರೆಯಲ್ಲಿದ್ದರು. ಎಚ್ಚೆತ್ತ ಬಳಿಕ ವಿಮಾನವನ್ನು ಇಳಿಸಲು ತೊಡಗಿದಾಗ ಅದು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಸಹ ಪೈಲಟ್ ಮೂರು ಬಾರಿ ‘ಗೋ ಅರೌಂಡ್’ ಎಂದರು. ಎಂದರೆ, ಇಳಿಯುವುದನ್ನು ಬಿಟ್ಟು ಮೇಲೇರಿ, ಒಂದು ಸುತ್ತು ಹಾಕಿ ಮತ್ತೆ ಬರೋಣ ಎಂದು. ಯಂತ್ರವೂ ಎಚ್ಚರಿಸುತ್ತಿತ್ತು. ಮುಖ್ಯ ಪೈಲಟ್ ಕೇಳಲಿಲ್ಲ. ಅಪಘಾತದ ನೇರ ಕಾರಣ ಇದೇ ಎಂದು ವರದಿ ಹೇಳಿತು.

ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಸಹ ಪೈಲಟ್ ಕೂಗಿ ಹೇಳಿದರೂ ನಿಯಂತ್ರಣವನ್ನು ತನ್ನ ಕೈಗೆ ತೆಗೆದುಕೊಳ್ಳಲಿಲ್ಲ. ಆ ಅಧಿಕಾರ ಅವರಿಗಿದೆಯೇ ಎಂಬ ಕುರಿತ ಸೂಚನೆಗಳಲ್ಲಿ ಸ್ಪಷ್ಟತೆ ಇಲ್ಲದಿದ್ದುದು ಬಹುಶಃ ಇದಕ್ಕೆ ಕಾರಣವೆಂದು ವರದಿ ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಅತ್ಯಂತ ಭಾರವಾದ ವಾಕ್ಯ ಇದು. ನಿದ್ದೆಗಣ್ಣಿನ ಒಬ್ಬ ಮನುಷ್ಯ ತಪ್ಪು ಮಾಡಬಲ್ಲ. ಆದರೆ ಸೂಚನೆ ಬರೆಯುವವರು ಹಗಲು ಬೆಳಕಿನಲ್ಲಿ ಮೇಜಿನ ಮುಂದೆ ಕುಳಿತು ಬರೆಯುತ್ತಾರಲ್ಲವೇ?

1977ರ ಮಾರ್ಚ್ 27ರಂದು ಟೆನರೀಫ್ ದ್ವೀಪದಲ್ಲಿ ಎರಡು ವಿಮಾನಗಳು ರನ್‌ವೇಯಲ್ಲೇ ಡಿಕ್ಕಿಯಾಗಿ 583 ಮಂದಿ ಸತ್ತರು. ಮಂಜು ದಟ್ಟವಾಗಿತ್ತು. ಇನ್ನೊಂದು ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಕೆಎಲ್ಎಂ ವಿಮಾನದ ಇಂಜಿನಿಯರ್ ಕೇಳಿದ್ದರು. ಕಂಪೆನಿಯಲ್ಲೇ ಹೆಸರಾಂತ ತರಬೇತುದಾರರಾಗಿದ್ದ ಕ್ಯಾಪ್ಟನ್ ‘ಹೌದು’ ಎಂದುಬಿಟ್ಟರು. ಆ ಉತ್ತರದ ಬಳಿಕ ಯಾರೂ ಮತ್ತೆ ಕೇಳಲಿಲ್ಲ. ಕಿರಿಯರಿಗೆ ಹೇಳುವುದನ್ನೂ ಹಿರಿಯರಿಗೆ ಕೇಳುವುದನ್ನೂ ಕಲಿಸುವ ತರಬೇತಿ ಬೆಳೆದುದು ಇಂಥ ದುರಂತಗಳ ಬಳಿಕ.

ಉಸ್ತಾದರ ಮುಂದೆ ದನಿ ಎತ್ತಬಾರದೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಅದು ಸರಿಯೇ. ಆದರೆ ಅದಬ್ ಇರಬೇಕಾದುದು ಮಾತಿನ ರೀತಿಯಲ್ಲಿ. ಕಂಡ ಅಪಾಯವನ್ನು ನುಂಗಿಕೊಳ್ಳುವುದು ಅದಬ್ ಅಲ್ಲ. ಬಜ್ಪೆಯ ಸಹ ಪೈಲಟ್ ನುಂಗಿಕೊಳ್ಳಲೂ ಇಲ್ಲ, ಹೇಳಿದರು. ಹೇಳುವುದರಿಂದಾಚೆಗೆ ಹೆಜ್ಜೆಯಿಡಲು ಬೇಕಾದ ಅನುಮತಿ ಮೊದಲೇ ಸಿಗಬೇಕಿತ್ತು. ಆ ಕ್ಷಣದಲ್ಲಿ ಅದನ್ನು ಹುಡುಕಲು ಸಮಯವಿರುವುದಿಲ್ಲ.

ಕಿರಿಯನೇ ತಪ್ಪಾಗಿ ತಿಳಿದಿದ್ದರೆ? ಈ ಆಕ್ಷೇಪ ನ್ಯಾಯವೇ. ಆದರೆ ಲೆಕ್ಕ ಹಾಕಿ ನೋಡಿ. ಅವನು ತಪ್ಪಾಗಿ ಮೇಲೇರಿಸಿದರೆ ಸಾಮಾನ್ಯವಾಗಿ ಹೋಗುವುದು ಒಂದಿಷ್ಟು ಇಂಧನ, ಕೆಲವು ನಿಮಿಷ. ಆದುದರಿಂದಲೇ ಗೋ ಅರೌಂಡ್ ಮಾಡಿದ ಪೈಲಟ್‌ನನ್ನು ದೂಷಿಸುವುದಿಲ್ಲವೆಂದು ಅನೇಕ ಕಂಪೆನಿಗಳು ಲಿಖಿತವಾಗಿ ಹೇಳುತ್ತವೆ. ಎರಡು ಬಾರಿ ಎಚ್ಚರಿಸಿದರೂ ಉತ್ತರ ಬಾರದಿದ್ದರೆ ನಿಯಂತ್ರಣ ತೆಗೆದುಕೊ ಎಂಬ ನಿಯಮವೂ ಹಲವೆಡೆ ಇದೆ. ಅದನ್ನು ಪಾಲಿಸಿ ಬಂದವನನ್ನು ಮರುದಿನ ಕಚೇರಿಯಲ್ಲಿ ಯಾವ ಮುಖದಿಂದ ಬರಮಾಡಿಕೊಳ್ಳುತ್ತಾರೆ ಎಂಬುದನ್ನು ಉಳಿದ ಸಹ ಪೈಲಟ್‌ಗಳೆಲ್ಲ ನೋಡುತ್ತಿರುತ್ತಾರೆ.