ತಿರುವಿನಲ್ಲಿ ಎರಡು ಚಕ್ರಗಳು

ಮೇಟಗಳ್ಳಿಯಲ್ಲಿ, ಕೆ.ಆರ್.ಎಸ್. ರಸ್ತೆಗೆ ಹತ್ತಿರವೇ ನನ್ನ ಸೋದರಮಾವನ ಲಾರಿ ಗ್ಯಾರೇಜಿದೆ. ವಿಕ್ರಾಂತ್ ಟೈರ್ ಕಾರ್ಖಾನೆ ಬೆಳೆದ ಜಾಗ ಇದು. ಇಲ್ಲಿ ಇಂಗ್ಲಿಷ್ ಓದಲು ಬಾರದವರ ಬಾಯಲ್ಲೂ ಒಂದಷ್ಟು ಇಂಗ್ಲಿಷ್ ಪದಗಳು ಸಲೀಸಾಗಿ ಓಡಾಡುತ್ತವೆ: ಆಕ್ಸಲ್, ಪಿನಿಯನ್, ಬೇರಿಂಗ್. ಅವುಗಳಲ್ಲಿ ಒಂದು 'ಡಿಫ್ರೆನ್ಷಲ್'. ಚಿಕ್ಕಂದಿನಿಂದ ಕೇಳಿಕೊಂಡು ಬಂದ ಪದ. ಆದರೆ ಅದು ಏನೆಂದು ನಾನು ಕೇಳಿದ್ದು ಹೋದ ವರ್ಷ, ಒಂದು ಪ್ರಶ್ನೆಗೆ ಉತ್ತರ ಹೇಳಲಾಗದೆ ಮನೆಗೆ ಬಂದ ದಿನ.

ಸಂಶೋಧನೆಯ ನಡುವೆ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತೇನೆ. ಆ ದಿನ ನನಗೆ ಪರೀಕ್ಷಾ ಮೇಲ್ವಿಚಾರಣೆ. ಪಕ್ಕದ ಕೊಠಡಿಯಲ್ಲಿ ದೃಷ್ಟಿದೋಷವಿರುವ ಹುಡುಗನೊಬ್ಬ ಲಿಪಿಕಾರನ ನೆರವಿನಿಂದ ಬರೆಯುತ್ತಿದ್ದ. ಅಂಥ ವಿದ್ಯಾರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ನನ್ನ ಕೊಠಡಿಗೆ ಹುಡುಗಿಯೊಬ್ಬಳು 25 ನಿಮಿಷ ತಡವಾಗಿ ಬಂದಳು. ಅವಳು ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಾಳೆಂದು ನನಗೆ ಗೊತ್ತಿತ್ತು. ಹಿಂದಿನ ರಾತ್ರಿ ಅವಳಿಗೆ ನೈಟ್ ಶಿಫ್ಟ್. ಗಂಟೆ ಹೊಡೆದಾಗ ಅವಳು ಇನ್ನೂ ಬರೆಯುತ್ತಿದ್ದಳು. ನಾನು ಉತ್ತರ ಪತ್ರಿಕೆಗೆ ಕೈ ಚಾಚಿದೆ.

"ಮಿಸ್, ಆ ಹುಡುಗನಿಗೆ ಇನ್ನೂ ಒಂದ್ ಗಂಟೆ ಇದೆ. ನಂಗೊಂದು ಇಪ್ಪತ್ತೈದು ನಿಮಿಷ ಕೊಡಿ."

"ಎಲ್ಲರಿಗೂ ಒಂದೇ ರೂಲು ಕಣಮ್ಮ" ಅಂದೆ.

"ಒಂದೇ ಅಲ್ವಲ್ಲ ಮಿಸ್" ಅಂದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದದ್ದನ್ನು ಹೇಳಿದಳು ಅಷ್ಟೆ. ನಾನು ಪತ್ರಿಕೆ ತೆಗೆದುಕೊಂಡೆ.

ಸಂಜೆ ಗ್ಯಾರೇಜಿಗೆ ಹೋದಾಗ ಮಾವ ಲಾರಿಯೊಂದರ ಹಿಂದಿನ ಆಕ್ಸಲ್ ಬಿಚ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಮುಖ ನೋಡಿ ಏನಾಯ್ತೆಂದು ಕೇಳಿದರು. ಹೇಳಿದೆ. ಅವರು ಎಣ್ಣೆ ಬಳಿದುಕೊಂಡಿದ್ದ ಹಲ್ಲಿನ ಚಕ್ರಗಳನ್ನು ತೋರಿಸಿ, "ಇದ್ಯಾಕೆ ಇಟ್ಟವ್ರೆ ಗೊತ್ತಾ?" ಅಂದರು.

ಗಾಡಿ ನೇರವಾಗಿ ಹೋಗುವಾಗ ಎರಡು ಚಕ್ರಗಳೂ ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವು ಬಂದಾಗ ಹೊರಗಿನ ಚಕ್ರ ದೊಡ್ಡ ಸುತ್ತು ಹೋಗಬೇಕು, ಒಳಗಿನದು ಚಿಕ್ಕ ಸುತ್ತು. ಎರಡನ್ನೂ ಒಂದೇ ಸಮ ತಿರುಗಿಸಿದರೆ ಒಂದು ನೆಲಕ್ಕೆ ಉಜ್ಜಿಕೊಂಡು ಜಾರುತ್ತದೆ, ಟೈರ್ ಸವೆಯುತ್ತದೆ, ಗಾಡಿ ತಿರುಗಲು ಒಪ್ಪುವುದಿಲ್ಲ. ಡಿಫರೆನ್ಷಿಯಲ್ ಹೊರಗಿನ ಚಕ್ರಕ್ಕೆ ಹೆಚ್ಚು ಸುತ್ತು ಕೊಡುತ್ತದೆ, ಒಳಗಿನದಕ್ಕೆ ಅಷ್ಟೇ ಕಡಿಮೆ ಮಾಡುತ್ತದೆ. ಎರಡರ ಸರಾಸರಿ ಮಾತ್ರ ನಡುವಿನ ಕ್ರೌನ್ ವೀಲಿನ ವೇಗಕ್ಕೆ ಸಮವಾಗಿರುತ್ತದೆ. "ಹೊರಗಿನ ಚಕ್ರ ಜಾಸ್ತಿ ತಿರುಗ್ತು ಅಂತ ಒಳಗಿನದಕ್ಕೇನೂ ಅನ್ಯಾಯ ಆಗಲ್ಲ ಕಣವ್ವ. ಎರಡೂ ಒಟ್ಟಿಗೆ ಊರು ಸೇರ್ತವೆ" ಅಂದರು ಮಾವ.

ಪಕ್ಕದ ಕೊಠಡಿಯ ಹುಡುಗನ ಒಂದು ಗಂಟೆಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ. ಅವನು ಸಾಗಬೇಕಾದ ಸುತ್ತು ದೊಡ್ಡದು.

ಈ ಪದಕ್ಕೆ ಕನ್ನಡದಲ್ಲಿ ಏನನ್ನಬೇಕು? ಒಂದೊಂದು ಕಡೆ ಒಂದೊಂದು. ಗಣಿತದವರು ಅವಕಲ ಎನ್ನುತ್ತಾರೆ: ಲೈಬ್ನಿಟ್ಸ್ 1684ರಲ್ಲಿ ಲೋಕದ ಮುಂದಿಟ್ಟ, ತೀರಾ ಸಣ್ಣ ವ್ಯತ್ಯಾಸಗಳನ್ನು ಹಿಡಿಯುವ ಲೆಕ್ಕ. ಬ್ಯಾಂಕಿನಲ್ಲಿ ಅದು ಭೇದಾತ್ಮಕ ಬಡ್ಡಿ: ತೀರಾ ಬಡವರಿಗೆ ಶೇ. 4ರ ಬಡ್ಡಿಯಲ್ಲಿ ಸಾಲ ಕೊಡುವ, 1972ರಲ್ಲಿ ಶುರುವಾದ ಯೋಜನೆ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಟಿ.ಸಿ., ಡಿ.ಸಿ. ಎಂದಿರುತ್ತದೆ. ಟಿ.ಸಿ. ಬಿಳಿ ರಕ್ತಕಣಗಳ ಒಟ್ಟು ಎಣಿಕೆ, ಡಿ.ಸಿ. ಅವುಗಳಲ್ಲಿ ಯಾವ ಬಗೆಯವು ಎಷ್ಟು ಪಾಲು ಎಂಬ ಎಣಿಕೆ. ಒಟ್ಟು ಸರಿಯಾಗಿದ್ದೂ ಒಳಗಿನ ಪಾಲು ಏರುಪೇರಾಗಿರಬಹುದು. ಒಟ್ಟು ಮುಚ್ಚಿಟ್ಟದ್ದನ್ನು ಭೇದ ಬಯಲು ಮಾಡುತ್ತದೆ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ನಮ್ಮದೇ ಒಂದು ಪದ: ತಾರತಮ್ಯ. ಸಂಸ್ಕೃತದ 'ತರ', 'ತಮ' ಪ್ರತ್ಯಯಗಳಿಂದ ಹುಟ್ಟಿದ್ದು. ಒಂದಕ್ಕಿಂತ ಹೆಚ್ಚು, ಎಲ್ಲಕ್ಕಿಂತ ಹೆಚ್ಚು ಎಂಬ ಅಳತೆ. 'ಅವನಿಗೆ ತಾರತಮ್ಯ ಜ್ಞಾನವಿಲ್ಲ' ಅಂದರೆ ಬೈಗುಳ. 'ಅವನು ತಾರತಮ್ಯ ಮಾಡುತ್ತಾನೆ' ಅಂದರೂ ಬೈಗುಳವೇ. ಇಲ್ಲದಿದ್ದರೂ ತಪ್ಪು, ಮಾಡಿದರೂ ತಪ್ಪು. ಇದು ಭಾಷೆಯ ಗೊಂದಲವೆಂದು ಮೊದಲು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ವ್ಯತ್ಯಾಸವನ್ನು ಕಾಣುವುದು ವಿವೇಕ, ಇಲ್ಲದ ವ್ಯತ್ಯಾಸವನ್ನು ಹೇರುವುದು ಅನ್ಯಾಯ, ಎರಡರ ನಡುವಿನ ಗೆರೆ ಬಹಳ ತೆಳು ಎಂದು ಭಾಷೆಗೆ ಗೊತ್ತಿದೆ. ಪಂಕ್ತಿಭೇದ ಮಾಡಿದವರೂ ತಮಗೆ ತಾರತಮ್ಯ ಜ್ಞಾನವಿದೆ ಎಂದೇ ನಂಬಿದ್ದರು. ಹಸಿವು ಒಂದೇ, ಅನ್ನ ಒಂದೇ, ಸಾಲು ಮಾತ್ರ ಬೇರೆ. ಅಲ್ಲಿ ರಸ್ತೆಯಲ್ಲಿ ತಿರುವೇ ಇರಲಿಲ್ಲ.

ಕಾನೂನು ಈ ಗೆರೆಯನ್ನು ಎಳೆಯಲು ಯತ್ನಿಸಿದೆ. ಸಂವಿಧಾನದ 14ನೇ ವಿಧಿ ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುತ್ತದೆ. ಹಾಗಾದರೆ ಕೆಲವರನ್ನು ಬೇರೆಯಾಗಿ ಕಾಣಬಹುದೇ? 1952ರ ಅನ್ವರ್ ಅಲಿ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ಪ್ರಶ್ನೆಗಳ ಪರೀಕ್ಷೆಯನ್ನು ಸ್ಪಷ್ಟಪಡಿಸಿತು. ನೀವು ಗುರುತಿಸುವ ವ್ಯತ್ಯಾಸ ಬುದ್ಧಿಗೆ ನಿಲುಕುವಂಥದ್ದೇ? ಆ ವ್ಯತ್ಯಾಸಕ್ಕೂ ನಿಮ್ಮ ಉದ್ದೇಶಕ್ಕೂ ಸಂಬಂಧವಿದೆಯೇ? ಮಾವನ ಭಾಷೆಯಲ್ಲಿ: ತಿರುವು ನಿಜವಾಗಿ ಇದೆಯೇ? ಚಕ್ರ ತಿರುಗುತ್ತಿರುವುದು ಆ ತಿರುವಿಗಾಗಿಯೇ?

ಮೈಸೂರಿಗೆ ಈ ಪ್ರಶ್ನೆ ಹೊಸದಲ್ಲ. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಸಾಕಷ್ಟು ಸ್ಥಾನ ಸಿಕ್ಕಿಲ್ಲವೆಂಬ ದೂರಿನ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಅರ್ಹತೆಯ ಅಳತೆಗೋಲು ಎಲ್ಲರಿಗೂ ಒಂದೇ ಇರಬೇಕೆಂದು ಅವರ ನಿಲುವು. ಮುಂದೆ 1962ರಲ್ಲಿ ಮೈಸೂರು ಸರ್ಕಾರ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಶೇ. 68ರಷ್ಟು ಸೀಟುಗಳನ್ನು ಮೀಸಲಿಟ್ಟಿತು. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಮೀಸಲಾತಿ ಸಾಮಾನ್ಯವಾಗಿ ಶೇ. 50ಕ್ಕಿಂತ ಕಡಿಮೆಯಿರಬೇಕು ಎಂದಿತು. ಸಂಸ್ಥಾನದ ಹಿತ ಬಯಸಿದ ಇಬ್ಬರು ಒಂದೇ ರಸ್ತೆಯನ್ನು ನೋಡಿದರು. ಒಬ್ಬರಿಗೆ ತಿರುವು ಕಂಡಿತು, ಇನ್ನೊಬ್ಬರಿಗೆ ನೇರ ದಾರಿ ಕಂಡಿತು. ಅಂಚಿನಲ್ಲಿ ನಡೆದವರನ್ನು ಕೇಳದೆ ತಿರುವು ಇದೆಯೋ ಇಲ್ಲವೋ ಹೇಳುವುದು ಕಷ್ಟ.

ಮಾವನಿಗೆ ನಾನು ಆ ಹುಡುಗಿಯ ಮಾತನ್ನು ಮತ್ತೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದಕ್ಕೂ ಒಂದ್ ರೋಗ ಅದೆ" ಅಂದರು. ಒಂದು ಚಕ್ರ ಕೆಸರಿಗೆ ಸಿಕ್ಕಿತೆನ್ನಿ. ಅದು ಸುಮ್ಮನೆ ಗಿರಗಿರ ತಿರುಗುತ್ತದೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಅಲುಗುವುದಿಲ್ಲ. ಎಷ್ಟು ಆಕ್ಸಿಲರೇಟರ್ ತುಳಿದರೂ ಸುತ್ತೆಲ್ಲ ಜಾರುವ ಚಕ್ರಕ್ಕೇ. ಡಿಫರೆನ್ಷಿಯಲ್‌ಗೆ ಕಣ್ಣಿಲ್ಲ. ಯಾವ ಕಡೆ ಹಗುರವೋ ಆ ಕಡೆ ಓಡುತ್ತದೆ. ಅದಕ್ಕೇ ಕೆಲವು ಗಾಡಿಗಳಲ್ಲಿ ಲಾಕ್ ಇರುತ್ತದೆ. ಡ್ರೈವರ್ ಇಳಿದು ನೋಡಿ, ಕೆಸರು ಎಲ್ಲಿದೆಯೆಂದು ತಿಳಿದು, ಅದನ್ನು ಹಾಕಬೇಕು. ಗಟ್ಟಿ ರಸ್ತೆಗೆ ಬಂದ ಮೇಲೆ ತೆಗೆಯಬೇಕು. ರಸ್ತೆ ಗಟ್ಟಿಯಾದ ಮೇಲೆ, ಡ್ರೈವರನಿಗೆ ಬೇಸರವಾದ ಮೇಲೆ ಅಲ್ಲ.

ಕಾರ್ಖಾನೆಗಳ ಕಡೆ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ಯಂತ್ರ, ಒಂದೇ ಶಿಫ್ಟ್, ಒಬ್ಬ ಕಾಯಂ, ಇನ್ನೊಬ್ಬ ಗುತ್ತಿಗೆ. ಸಂಬಳದ ಈ ಅಂತರಕ್ಕೂ ಇಂಗ್ಲಿಷಿನಲ್ಲಿ ಡಿಫರೆನ್ಷಿಯಲ್ ಎಂದೇ ಹೆಸರು. ಒಂದೇ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೂ ಸಮಾನ ವೇತನ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಪಂಜಾಬ್ ಸರ್ಕಾರದ ನೌಕರರ ಪ್ರಕರಣದಲ್ಲಿ ಹೇಳಿತು. ತಿರುವಿಲ್ಲದ ಕಡೆ ನಾವು ಭೇದ ಇಟ್ಟಿದ್ದೇವೆ. ತಿರುವು ಇರುವ ಕಡೆ, ರಾತ್ರಿಯಿಡೀ ನಿಂತು ಕೆಲಸ ಮಾಡಿ ಪರೀಕ್ಷೆಗೆ ಬಂದವಳ ಮುಂದೆ, 'ಎಲ್ಲರಿಗೂ ಒಂದೇ ರೂಲು' ಎಂದಿದ್ದೇವೆ.

ಅವಳಿಗೆ 25 ನಿಮಿಷ ಕೊಡಬೇಕಿತ್ತೇ? ಆ ಅಧಿಕಾರ ನನಗಿರಲಿಲ್ಲ. ಕೊಟ್ಟಿದ್ದರೆ, ಬಸ್ ತಪ್ಪಿಸಿಕೊಂಡು ಬಂದ ಇನ್ನೊಬ್ಬನಿಗೆ ಏನು ಹೇಳುತ್ತಿದ್ದೆ? ಮೇಲ್ವಿಚಾರಕಿಯ ಮರುಕಕ್ಕೆ ತಕ್ಕಂತೆ ಸಮಯ ಹಂಚುವುದೂ ಇನ್ನೊಂದು ಪಂಕ್ತಿಭೇದವೇ. ಪತ್ರಿಕೆ ತೆಗೆದುಕೊಂಡದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ತಪ್ಪಾದದ್ದು ನನ್ನ ಮಾತು. ನಿಯಮ ಎಲ್ಲರಿಗೂ ಒಂದೇ ಅಲ್ಲವೆಂದು, ಹಾಗಿರಬಾರದೆಂದು ಗೊತ್ತಿದ್ದೂ, ಅವಳ ದಾರಿಯಲ್ಲಿ ತಿರುವೇ ಇಲ್ಲವೆಂಬಂತೆ ಮಾತಾಡಿದೆ. 'ನಿನ್ನದೂ ದೊಡ್ಡ ಸುತ್ತೇ, ಆದರೆ ಅದನ್ನು ಕಾಣುವ ನಿಯಮ ಇನ್ನೂ ಬಂದಿಲ್ಲ' ಎನ್ನಬಹುದಿತ್ತು. ಅವಳ ನಿಮಿಷಗಳು ವಾಪಸ್ ಬರುತ್ತಿರಲಿಲ್ಲ, ನಿಜ. ಸುಳ್ಳು ಹೇಳಿದಂತಾದರೂ ಆಗುತ್ತಿರಲಿಲ್ಲ.

ಮರುವಾರ ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಬರೆದೆ. ಶಿಫ್ಟ್ ಕೆಲಸಕ್ಕೆ ಹೋಗುವ ವಿದ್ಯಾರ್ಥಿಗಳ ಪಟ್ಟಿಯನ್ನು ಮೊದಲೇ ಮಾಡಿ, ಅವರ ಆಂತರಿಕ ಪರೀಕ್ಷೆಗಳನ್ನಾದರೂ ಮಧ್ಯಾಹ್ನಕ್ಕೆ ಇಡಬಹುದೇ ಎಂದು ಕೇಳಿದ್ದೆ. ಉತ್ತರ ಬಂದಿಲ್ಲ. ಪಟ್ಟಿಯನ್ನು ನಾನೇ ಶುರು ಮಾಡಿದ್ದೇನೆ. ಸದ್ಯಕ್ಕೆ ಅದರಲ್ಲಿ 11 ಹೆಸರುಗಳಿವೆ.